ಗುರುವಾರದ ಒಪ್ಪತ್ತು

ಸಸ್ಯಾಹಾರಿಗಳು ಯಾರಿದ್ದೀರಿ, ಕೈ ಎತ್ತಿ ಎಂದು ಗೈಡ್ ಕೇಳಿದಾಗ ಕೈ ಎತ್ತಿದವಳು ನಾನೊಬ್ಬಳೇ. ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು, ಅವರ ಆಚೆ ಮಗಳು. ಸಾನ್ ಹುವಾನ್ ಎಂಬ ಹಳೆಯ ಊರಿನ ಚೌಕವೊಂದರಲ್ಲಿ, ಸಂಜೆ ಬಿಸಿಲಿಗೆ ಬೆವರುತ್ತ, ಗುರುತಿಲ್ಲದ ಹತ್ತಾರು ಜನರ ನಡುವೆ ನಾನು ಕನ್ನಡ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿಕೊಂಡು ನಿಂತಿದ್ದೆ. ಗಂಡನಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಚೌಕದ ತುಂಬ ಪಾರಿವಾಳಗಳ ಗದ್ದಲ. ಮೊಣಕೈಯಿಂದ ಮೆಲ್ಲಗೆ ತಿವಿದು, "ನೀವೂ ಎತ್ರಿ ಕೈ" ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಗೈಡ್ ಕಡೆ ನೋಡಿ ನಕ್ಕು, ನನ್ನ ಹೆಂಡತಿ ಒಬ್ಬಳೇ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮಾತು ಅರ್ಥವಾಯಿತು, ಅದರ ಹಿಂದಿನ ಸಂಗತಿ ಅರ್ಥವಾಗಲಿಲ್ಲ. ಉದ್ದ ವಿವರಣೆ ಯಾಕೆಂದು ಹಾಗೆ ಹೇಳಿರಬೇಕು, ಗಂಡಸರಿಗೆ ಎಲ್ಲದಕ್ಕೂ ಅವಸರ ಎಂದು ಸಮಾಧಾನ ಮಾಡಿಕೊಂಡೆ. ಮದುವೆಯಾಗಿ ಬಹಳ ವರ್ಷವಾದ ಹೆಂಗಸರಿಗೆ ಈ ಸಮಾಧಾನ ಮಾಡಿಕೊಳ್ಳುವ ವಿದ್ಯೆ ಯಾರೂ ಕಲಿಸದೆ ಬಂದಿರುತ್ತದೆ. ಗೈಡ್ ಬಣ್ಣದ ಛತ್ರಿ ಎತ್ತಿ ಹಿಡಿದು ಮುಂದೆ ನಡೆದಳು, ನಾವು ಹಿಂದೆ ನಡೆದೆವು.

ನಾವಿರುವುದು ಸಿಯಾಟಲ್ ಹತ್ತಿರದ ವುಡಿನ್‌ವಿಲ್‌ನಲ್ಲಿ. ಅವರು ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ ತಪ್ಪು ಹುಡುಕಿ ತೆಗೆಯುವುದಕ್ಕೇ ನನಗೆ ಸಂಬಳ. ಆ ವರ್ಷ ಮಗಳು ಹೈಸ್ಕೂಲು ಮುಗಿಸಿದ್ದಳು, ಬೇಸಿಗೆ ಕಳೆದರೆ ಕಾಲೇಜಿಗೆ ಹೊರಟುಹೋಗುವವಳು. ಅದಕ್ಕೆ ಮೊದಲು ಮೂವರೂ ಎಲ್ಲಾದರೂ ಹೋಗಿಬರೋಣ, ಒಂದೇ ಟೇಬಲ್ಲಿಗೆ ಕೂತು ನಾಲ್ಕು ಹೊತ್ತು ಉಣ್ಣೋಣ ಎಂದು ನಾನೇ ಹಟ ಹಿಡಿದಿದ್ದೆ. ನಮ್ಮ ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲಿತ್ತು. ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ತಿರುಗಿ ಬರಲು ವೀಸಾ ಸ್ಟಾಂಪಿಂಗಿನ ತಲೆನೋವು. ನಮ್ಮಂಥವರಿಗೆಲ್ಲ ಗೊತ್ತಿದ್ದ ಉಪಾಯವೆಂದರೆ ಪೋರ್ಟೊ ರಿಕೊ. ಸಮುದ್ರ ದಾಟಿ ಬೇರೊಂದು ದೇಶ ನೋಡಿದ ಹಾಗೂ ಆಯಿತು, ಅಮೆರಿಕ ಬಿಟ್ಟು ಹೋಗದ ಹಾಗೂ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ದ್ವೀಪಕ್ಕೆ ದೊಡ್ಡ ಬಿರುಗಾಳಿ ಬಡಿಯುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು ಇದು.

ಟಿಕೆಟ್ ಬುಕ್ ಮಾಡಿದವರು ಅವರು. ಪಂಚಾಂಗ ನೋಡುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಟಿಕೆಟ್ ಆದ ಮೇಲೆ ನೋಡಿದರೆ ಪ್ರವಾಸ ಸರಿಯಾಗಿ ಶಾಕವ್ರತದ ತಿಂಗಳಲ್ಲಿ ಬಿದ್ದಿತ್ತು.

ಗೊತ್ತಿಲ್ಲದವರಿಗೆ ಹೇಳಬೇಕು. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ತಿಂಗಳಿಗೊಂದು ಬಿಡುವುದು ನಮ್ಮವರ ಪದ್ಧತಿ. ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಇವುಗಳಲ್ಲಿ ಮೊದಲನೆಯದೇ ಕಠಿಣ. ಕಾಯಿಪಲ್ಲೆ, ಸೊಪ್ಪು, ಮೆಣಸಿನಕಾಯಿ, ಹುಣಸೆಹಣ್ಣು, ತೊಗರಿಬೇಳೆ ಯಾವುದೂ ಇಲ್ಲ. ಹೆಸರುಬೇಳೆಯ ತೊವ್ವೆ, ಅದಕ್ಕೆ ಕಾಳುಮೆಣಸು, ಜೀರಿಗೆ, ಹುಳಿಗೆ ಒಣಮಾವಿನ ಪುಡಿ. ಅನ್ನ, ಮೊಸರು. ಬೆಳಿಗ್ಗೆ ಅದೇ, ರಾತ್ರಿ ಅದೇ. ನನ್ನ ತವರು ವಿಜಯಪುರದಲ್ಲಿ ಈ ವ್ರತ ಹಿಡಿಯುತ್ತಿದ್ದವಳು ಅಜ್ಜಿಯೊಬ್ಬಳೇ, ಅವಳ ಜೊತೆಗೇ ಅದೂ ಹೋಯಿತು. ಮದುವೆಯಾದ ಮೇಲೆ ಬಾಗಲಕೋಟೆಯ ಅತ್ತೆ ಅದನ್ನು ನನ್ನ ಉಡಿಗೆ ಹಾಕಿದರು. ಗಂಡಸರು ಹೊರಗೆ ದುಡಿಯುವವರು, ಅವರಿಂದ ಆಗದು, ಮನೆಯ ಪರವಾಗಿ ಹಿರಿಸೊಸೆ ಹಿಡಿಯಬೇಕು ಎಂದರು. ನಾನೂ ಹೊರಗೆ ದುಡಿಯುವವಳೇ ಎಂಬುದು ಅಲ್ಲಿದ್ದ ಯಾರಿಗೂ ನೆನಪಾಗಲಿಲ್ಲ, ನನ್ನ ಅಪ್ಪನಿಗೂ.

ಆಗಲೇ ನಾನು ಒಲ್ಲೆ ಅನ್ನಬಹುದಿತ್ತು. ಅನ್ನದೆ ಇದ್ದದ್ದು ಇವರ ಒಂದು ಮಾತಿಗೆ. ಮೊದಲ ಆಷಾಢದಲ್ಲಿ ನಾನು ಬರೀ ತೊವ್ವೆ ಅನ್ನ ಕಲಸಿಕೊಂಡು ಕೂತಿದ್ದಾಗ, ಇವರು ತಮಗೆಂದು ಬಡಿಸಿದ್ದ ಪಲ್ಯವನ್ನು ಪಕ್ಕಕ್ಕೆ ಸರಿಸಿ, "ನೀ ಏನ್ ಉಣ್ತಿ, ನಾನೂ ಅದನ್ನ ಉಣ್ತೇನಿ" ಅಂದರು. ಇಪ್ಪತ್ತೈದು ತುಂಬದ ಹುಡುಗಿ ನಾನು, ಕರಗಿ ನೀರಾದೆ. ಆಮೇಲೆ ನಮ್ಮ ನಡುವೆ ಜಗಳವಾಗದ ವಿಷಯವಿಲ್ಲ. ಮನೆ ಕೊಳ್ಳುವಾಗ, ಮಗಳಿಗೆ ಹೆಸರಿಡುವಾಗ, ಭಾರತಕ್ಕೆ ತಿರುಗಿ ಹೋಗಬೇಕೋ ಬೇಡವೋ ಎಂದು, ಎಲ್ಲದಕ್ಕೂ ಆಗಿದೆ. ಆದರೂ ಆಷಾಢ ಬಂದರೆ ಇಬ್ಬರೂ ಎದುರುಬದುರು ಕೂತು ಅದೇ ತೊವ್ವೆ ಉಣ್ಣುತ್ತಿದ್ದೆವು. ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಅದೊಂದೇ. ನಮ್ಮ ಸಂಸಾರಕ್ಕೆ ಗಟ್ಟಿ ತಳ ಅಂತ ಒಂದಿದ್ದರೆ ಅದು ಇದೇ ಎಂದು ನಾನು ನಂಬಿದ್ದೆ.

ಆಷಾಢದ ಮೇಲೆ ಗುರುವಾರ. ಗುರುಗಳ ವಾರ ನಾನು ಒಪ್ಪತ್ತು ಮಾಡುತ್ತೇನೆ. ಮಧ್ಯಾಹ್ನ ಒಂದೇ ಊಟ, ಸಂಜೆ ಹಾಲು ಅವಲಕ್ಕಿ. ಕಾರ್ಖಾನೆಯ ಕೆಲಸ ಸೇರಿದ ಒಂದೆರಡು ವರ್ಷಕ್ಕೆ ಇವರೂ ಶುರುಮಾಡಿದರು. ಗುರುವಾರ ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತ, "ಇವತ್ತ ನನಗೂ ಬ್ಯಾಡ, ಹಾಲು ಅವಲಕ್ಕಿ ಸಾಕು" ಅನ್ನುತ್ತಿದ್ದರು. ನಾನು ಕೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ, ತಾನಾಗಿ ಬಂದ ಭಕ್ತಿ. ನನಗೆ ಎಷ್ಟು ಹೆಮ್ಮೆ ಅಂದರೆ, ನಮ್ಮ ಭಜನೆ ಗುಂಪಿನಲ್ಲಿ ಅದನ್ನು ಹೇಳದ ತಿಂಗಳಿಲ್ಲ. ಬೇರೆ ಹೆಂಗಸರು ತಮ್ಮ ಗಂಡಂದಿರಿಗೆ ನನ್ನ ಗಂಡನನ್ನು ತೋರಿಸಿ ಬೈಯುತ್ತಿದ್ದರು. ಊರಲ್ಲಿ ಅತ್ತೆ ಫೋನಿನಲ್ಲೇ ಕಣ್ಣೀರು ಹಾಕಿದ್ದರು.

ಈ ಆಚಾರ ನನ್ನಿಂದ ಏನೇನು ತೆಗೆದುಕೊಂಡಿತು ಎಂಬುದನ್ನೂ ಹೇಳಿಬಿಡುತ್ತೇನೆ. ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಮುದುಕಿ ಇದ್ದಳು. ನಾವು ಆ ಮನೆಗೆ ಬಂದ ವಾರವೇ ಸೇಬಿನ ಪೈ ಮಾಡಿ ತಂದಳು. ಹಿಟ್ಟಿನಲ್ಲಿ ಏನು ಕಲಸಿದ್ದಾಳೋ ಎಂದು ನಾನು ತಿನ್ನಲಿಲ್ಲ. ಮರುವರ್ಷ ತಂದಳು, ಆಗ ವ್ರತ. ಅದರ ಮರುವರ್ಷವೂ ವ್ರತ. ಆಮೇಲೆ ಅವಳು ಬೇಲಿಯ ಆಚೆಯಿಂದ ಕೈ ಬೀಸುವುದಷ್ಟೇ ಉಳಿಯಿತು. ಅದನ್ನಾದರೂ ಮರೆಯಬಹುದು. ನಮ್ಮವ್ವ ಸಿಯಾಟಲ್‌ಗೆ ಬಂದದ್ದು ಜೀವಮಾನದಲ್ಲಿ ಒಂದೇ ಸಲ. ಇಲ್ಲಿ ಮಳೆ ಬಿಟ್ಟು ಬಿಸಿಲು ಕಾಣುವುದೇ ಜುಲೈ ಆಗಸ್ಟಿನಲ್ಲಿ, ಊರಿಂದ ಬರುವವರೆಲ್ಲ ಆಗಲೇ ಬರುತ್ತಾರೆ. ಅವ್ವನೂ ಆಗಲೇ ಬಂದಳು. ಅವಳ ಕೈಯ ಬದನೆಕಾಯಿ ಎಣ್ಣೆಗಾಯಿ ನಮ್ಮ ಓಣಿಗೆಲ್ಲ ಹೆಸರಾದದ್ದು. ಶೇಂಗಾ, ಎಳ್ಳು, ಗುರೆಳ್ಳು ಊರಿಂದಲೇ ಪುಡಿ ಮಾಡಿಕೊಂಡು ಚೀಲದಲ್ಲಿ ತಂದಿದ್ದಳು. ಮಾಡಿದಳು. ಮನೆಯೆಲ್ಲ ಘಮ್ಮೆಂದಿತು. ನಾನು ತೊವ್ವೆ ಕಲಸಿಕೊಂಡೆ. "ಒಂದs ಒಂದು ತಿನ್ನವ್ವಾ, ದೇವರೇನು ಅನ್ನೂದಿಲ್ಲ" ಎಂದು ಅವಳು ಅಂದಳು. ಇವರು ನನ್ನ ಪಕ್ಕದಲ್ಲಿ ಕೂತು, ಬದನೆಕಾಯಿಯನ್ನು ಮುಟ್ಟದೆ, ನನ್ನ ಜೊತೆ ತೊವ್ವೆ ಉಂಡರು. ಆ ಜೊತೆ ಇತ್ತಲ್ಲ, ಅದರ ಬಲದ ಮೇಲೆ ನಾನು ಅವ್ವನಿಗೆ ಇಲ್ಲ ಅಂದೆ. ಎರಡು ವರ್ಷಕ್ಕೆ ಅವ್ವ ಹೋದಳು.

ಇಷ್ಟನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಸಾನ್ ಹುವಾನಿನ ಓಣಿಗಳಲ್ಲಿ ಛತ್ರಿಯ ಹಿಂದೆ ನಡೆಯುತ್ತಿದ್ದೆ. ಹೋಟೆಲಿನ ರೂಮಿನಲ್ಲಿ ನನ್ನ ರೈಸ್ ಕುಕ್ಕರು, ಹೆಸರುಬೇಳೆಯ ಪೊಟ್ಟಣ ಇದ್ದವು. ಈ ತಿಂಡಿ ನಡಿಗೆಯನ್ನು ಇಟ್ಟುಕೊಂಡದ್ದು ಮಗಳ ಆಸೆಗೆ. ನಾನು ಏನೂ ತಿನ್ನದಿದ್ದರೂ ಊರು ನೋಡಬಹುದು, ಕಾಫಿ ಕುಡಿಯಬಹುದು ಎಂದು ಇವರು ಹೇಳಿದ್ದರು. ಊರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀಲಿ ಹೊಳಪಿನ ಕಲ್ಲು ಹಾಸಿದ ಇಳಿಜಾರು ರಸ್ತೆಗಳು, ಹಳದಿ ಗುಲಾಬಿ ಬಣ್ಣದ ಮನೆಗಳು, ಕಟ್ಟಿಗೆಯ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. ಸುತ್ತ ದಪ್ಪನೆಯ ಕೋಟೆಗೋಡೆ. ಕೋಟೆಗೋಡೆಯ ಪಕ್ಕ ಹುಟ್ಟಿ ಬೆಳೆದ ನನಗೆ ಅದು ಪರಊರು ಅನ್ನಿಸಲೇ ಇಲ್ಲ. ಮೊದಲು ಕಾಫಿ ಅಂಗಡಿಗೆ ಹೋದೆವು. ಕಾಫಿಯಲ್ಲಿ ಚೀಸಿನ ತುಂಡು ಅದ್ದಿ ತಿನ್ನುವುದು ಅಲ್ಲಿಯ ಪದ್ಧತಿಯಂತೆ. ನಾನು ಬರೀ ಕಾಫಿ ಕುಡಿದೆ. ಮಗಳು ನನ್ನ ಹೆಗಲಿಗೆ ಒರಗಿ ಸೆಲ್ಫಿ ತೆಗೆದಳು.

ಎರಡನೆಯದು ಒಂದು ಚಿಕ್ಕ ಊಟದ ಮನೆ. ಅಲ್ಲಿ ಗೈಡ್ ಬುಟ್ಟಿಯಿಂದ ಹಸಿರು ಕಾಯಿಗಳನ್ನು ತೆಗೆದು ಎಲ್ಲರ ಕೈಗೂ ಕೊಟ್ಟಳು. ನೋಡಿದರೆ ತೊಗರಿಕಾಯಿ. ಎಲ್ಲಿಯ ವಿಜಯಪುರ, ಎಲ್ಲಿಯ ಕೆರಿಬಿಯನ್! ನನ್ನ ಬಾಯಿ ತಡೆಯಲಿಲ್ಲ. ಇದು ನಮ್ಮೂರ ಬೆಳೆ, ಚಳಿಗಾಲದಲ್ಲಿ ಉಪ್ಪು ಹಾಕಿ ಕುದಿಸಿ ಕಟ್ಟೆಯ ಮೇಲೆ ಕೂತು ಸುಲಿದು ತಿನ್ನುತ್ತೇವೆ ಎಂದು ಎಲ್ಲರಿಗೂ ಹೇಳಿದೆ. ಗೈಡ್ ಸಂತೋಷಪಟ್ಟು ಇನ್ನಷ್ಟು ಹೇಳಿ ಎಂದಳು, ಹೇಳಿದೆ. ಆ ಸಂಜೆ ನಾನು ಮನಸ್ಸು ಬಿಚ್ಚಿ ನಕ್ಕದ್ದು ಆಗೊಮ್ಮೆ. ಅಷ್ಟರಲ್ಲಿ ಅನ್ನದ ತಟ್ಟೆಗಳು ಬಂದವು: ತೊಗರಿಕಾಳು ಹಾಕಿದ ಅನ್ನ, ನಡುನಡುವೆ ಹಂದಿಮಾಂಸದ ತುಣುಕು. ಇವರು ತಟ್ಟೆ ತೆಗೆದುಕೊಂಡರು. ಕಣ್ಣಿಗೆ ಬಿದ್ದಿಲ್ಲವೆಂದುಕೊಂಡು ನಾನು ಗಡಬಡಿಸಿ ಕೈ ಹಿಡಿದೆ.

"ಅದರಾಗ ಮಾಂಸ ಅದ ರೀ."

"ಗೊತ್ತದ" ಅಂದರು, ಮತ್ತು ತಿಂದರು.

ಮಗಳೂ ತಿಂದಳು. ನಾನು ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಪರಊರು, ರಜೆ, ಒಂದು ಸಲ ನೋಡೋಣ ಎಂಬ ಚಪಲ ಯಾರಿಗಿಲ್ಲ ಎಂದು ಒಳಗಿನ ಸಮಾಧಾನದ ಮುದುಕಿ ಮತ್ತೆ ಶುರುಮಾಡಿದಳು. ಆದರೆ ಮೊದಲ ಸಲ ತಿನ್ನುವವರ ಮುಖ ನನಗೆ ಗೊತ್ತು. ಹಾಸ್ಟೆಲಿನಲ್ಲಿ ಕದ್ದು ಮೊಟ್ಟೆ ತಿಂದ ಗೆಳತಿಯರನ್ನು ನೋಡಿದವಳು ನಾನು. ಅವರು ಮೊದಲು ಮೂಸುತ್ತಾರೆ, ನಾಲಗೆಯ ತುದಿಗೆ ತಾಗಿಸುತ್ತಾರೆ. ಇವರು ಹಾಗೆ ತಿನ್ನಲಿಲ್ಲ. ಎಲುಬಿನ ಚೂರೊಂದನ್ನು ಎಷ್ಟು ಸಲೀಸಾಗಿ ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರೆಂದರೆ, ಅದು ಬಹಳ ವರ್ಷದ ರೂಢಿ.

ಮೂರನೆಯ ಕಡೆ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಕಟ್ಟಿಗೆಯ ಕುಟ್ಟಾಣಿಗಳನ್ನು ಇಟ್ಟಿದ್ದರು. ಕರಿದ ಬಾಳೆಕಾಯಿ, ಬೆಳ್ಳುಳ್ಳಿ, ಹಂದಿಯ ಚರ್ಮ ಕರಿದ ಕುರುಕಲು, ಇವನ್ನು ಒಟ್ಟಿಗೆ ಹಾಕಿ ಪ್ರತಿಯೊಬ್ಬರೂ ತಾವೇ ಕುಟ್ಟಿ ಉಂಡೆ ಮಾಡಬೇಕು. ಆಫ್ರಿಕದಿಂದ ಗುಲಾಮರಾಗಿ ತಂದವರ ಕೈಯಿಂದ ಬಂದ ಅಡುಗೆ ಎಂದು ಗೈಡ್ ಹೇಳುತ್ತಿದ್ದಳು. ಹಂದಿ ಸ್ಪೇನಿನವರದು. ಅದಕ್ಕೊಂದು ಕತೆ ಹೇಳಿದಳು. ಹಿಂದೆ ಸ್ಪೇನಿನಲ್ಲಿ ಬಲವಂತಕ್ಕೆ ಕ್ರೈಸ್ತರಾದ, ಹಂದಿ ಮುಟ್ಟದ ಯಹೂದಿಗಳು, ಒಳಗೆ ಹಳೆಯ ದೇವರನ್ನೇ ನಂಬಿಕೊಂಡು, ಮನೆಯ ಮುಂದೆ ಮಾತ್ರ ಹಂದಿಯ ತೊಡೆ ತೂಗುಹಾಕುತ್ತಿದ್ದರಂತೆ, ನೆರೆಯವರು ನೋಡಿ ನಂಬಲಿ ಎಂದು. ಎಲ್ಲರೂ ತಲೆದೂಗಿದರು. ಆ ಕತೆ ಕೇಳುವಾಗ ನನಗೆ ಇನ್ನೂ ಏನೂ ಪೂರ್ತಿ ಗೊತ್ತಿರಲಿಲ್ಲ. ಐದು ನಿಮಿಷ ತಡವಾಗಿ ಹೇಳಿದ್ದರೆ, ನಮ್ಮ ಮನೆಯಲ್ಲಿ ಉಪವಾಸವನ್ನು ಬಾಗಿಲಿಗೆ ತೂಗುಹಾಕಿ ಹಂದಿಯನ್ನು ಒಳಗಿಟ್ಟಿದ್ದಾರೆ ಎಂದು ನಾನೂ ಒಂದು ಕತೆ ಹೇಳುತ್ತಿದ್ದೆ.

ಇವರ ಪಕ್ಕ ಕುಟ್ಟುತ್ತಿದ್ದವನು ಟೆಕ್ಸಸ್ ಕಡೆಯ ಒಬ್ಬ ಮುದುಕ, ಮಾತುಗಾರ. ಇಂಡಿಯಾದವರು ಹಂದಿ ತಿನ್ನುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದ. ಇವರು ನಕ್ಕರು. ಇದಕ್ಕಿಂತ ಗರಿಗರಿಯಾದದ್ದು ನಮ್ಮ ಕಾರ್ಖಾನೆಯ ಹತ್ತಿರ ಸಿಗುತ್ತದೆ, ಒಂದು ಕ್ಯೂಬನ್ ಸ್ಯಾಂಡ್‌ವಿಚ್ ಅಂಗಡಿ ಇದೆ, ವರ್ಷಗಳಿಂದ ನಮ್ಮ ಟೀಮಿನವರೆಲ್ಲ ಅಲ್ಲಿಗೇ ಹೋಗುವುದು, ಎಷ್ಟು ದೊಡ್ಡ ಸ್ಯಾಂಡ್‌ವಿಚ್ ಅಂದರೆ ರಾತ್ರಿ ಊಟವೇ ಬೇಕಾಗುವುದಿಲ್ಲ ಎಂದರು. ಹೇಳುವ ಹುರುಪಿನಲ್ಲಿ ನಾನು ಎದುರಿಗೆ ನಿಂತದ್ದು ಮರೆತಿರಬೇಕು. ಪ್ರತಿ ಗುರುವಾರ ಎಂದೂ ಹೇಳಿದರು.

ಖಾಲಿ ಕುಟ್ಟಾಣಿಯ ಮುಂದೆ ನಿಂತ ನನ್ನ ಕೈಯಲ್ಲಿ ಕುಟ್ಟುವ ಕೋಲು ಇತ್ತು. ಗುರುವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಬೂಟು ಬಿಚ್ಚುತ್ತ ಹಾಲು ಅವಲಕ್ಕಿ ಸಾಕು ಅನ್ನುವ ಅವರ ದನಿ ಕೇಳಿಸಿತು. ಹಸಿವಿಲ್ಲದ ದನಿ ಅದು. ಹೊಟ್ಟೆ ತುಂಬಿದವನ ಸೋಮಾರಿ ದನಿಯನ್ನು ನಾನು ಇಷ್ಟು ವರ್ಷ ಭಕ್ತಿ ಎಂದು ತಿಳಿದು, ಲೋಟ ತೊಳೆದು, ಹಾಲು ಕಾಸಿ, ಸಕ್ಕರೆ ಹಾಕಿ ಕೈಗೆ ಕೊಟ್ಟಿದ್ದೆ. ಮಗಳ ಕಡೆ ನೋಡಿದೆ. ಅವಳು ಕುಟ್ಟಾಣಿಯೊಳಗೆ ಮುಖ ಹಾಕಿ ನಿಂತಿದ್ದಳು, ಕಿವಿ ಕೆಂಪಾಗಿತ್ತು.

ಅದೇ ಹೊತ್ತಿಗೆ ಗೈಡ್ ನನಗೆಂದೇ ಒಂದು ತಟ್ಟೆ ತಂದಳು. ಸಂಜೆ ಚೌಕದಲ್ಲಿ ಕೈ ಎತ್ತಿದ್ದೆನಲ್ಲ, ಆಗಲೇ ಫೋನ್ ಮಾಡಿ ಹೇಳಿಸಿ, ಬೇರೆ ಎಣ್ಣೆಯಲ್ಲಿ ಕರಿಸಿ, ಬರೀ ಬಾಳೆಕಾಯಿ, ಬದನೆಕಾಯಿ, ದಪ್ಪ ಮೆಣಸಿನಕಾಯಿಯಿಂದ ಮಾಡಿಸಿದ್ದಳು. ಗುರುತಿಲ್ಲದ ಹೆಂಗಸು ಅಷ್ಟು ಮುತುವರ್ಜಿ ವಹಿಸಿದ್ದಳು. ನಾನು ಈ ತಿಂಗಳು ತರಕಾರಿ ತಿನ್ನುವುದಿಲ್ಲ ಎಂದೆ. ಅವಳಿಗೆ ಅರ್ಥವಾಗದೆ, ನೀವು ಸಸ್ಯಾಹಾರಿ ಅಂದಿರಲ್ಲ ಎಂದಳು. ಹೌದು ಎಂದೆ. ಹಾಗಾದರೆ ಏನು ತಿನ್ನುತ್ತೀರಿ ಎಂದು ಕೇಳಿದಳು, ನಿಜವಾದ ಕಾಳಜಿಯಿಂದಲೇ. ಮುದುಕ ನಕ್ಕ, ಇನ್ನೂ ಕೆಲವರು ನಕ್ಕರು. ನನ್ನ ಗಂಡ ಬಾಯಲ್ಲಿ ತುತ್ತು ಇಟ್ಟುಕೊಂಡು, ಅವಳು ಬಹಳ ದೈವಭಕ್ತಳು ಎಂದು ನನ್ನ ಪರವಾಗಿ ವಿವರಿಸಿದರು. ಆ ತಟ್ಟೆ ಹಾಗೇ ಆರಿತು. ಪಕ್ಕದ ಮನೆಯ ಮುದುಕಿಯ ಪೈ ನೆನಪಾಗಿ ನನಗೆ ಅಳು ಬಂತು, ಹೊಗೆ ಎಂದು ಕಣ್ಣು ಒರೆಸಿಕೊಂಡೆ.

ನಡಿಗೆ ಮುಗಿದದ್ದು ಸಮುದ್ರದ ಕಡೆಯ ಕೋಟೆಗೋಡೆಯ ಹತ್ತಿರ. ಹೊತ್ತು ಮುಳುಗುತ್ತಿತ್ತು, ಗಿಡಗಳಲ್ಲಿ ಆ ಊರಿನ ಪುಟ್ಟ ಕಪ್ಪೆಗಳು ಕೂಗಲು ಶುರುಮಾಡಿದ್ದವು. ಉಳಿದವರು ಗೈಡಿಗೆ ವಂದನೆ ಹೇಳಿ ಚದುರಿದರು. ನಾವು ಮೂವರು ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವರ ಗುರುವಾರ ಮಧ್ಯಾಹ್ನದ ಊಟದ ಡಬ್ಬಿ ಏನಾಗುತ್ತಿತ್ತು ಎಂದು ನಾನು ಮೊದಲು ಕೇಳಿದೆ. ನನಗೂ ಗೊತ್ತು, ಅದು ಸಣ್ಣ ಪ್ರಶ್ನೆ. ಆದರೆ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಆ ಡಬ್ಬಿ ಕಟ್ಟಿದವಳು ನಾನು. ಟೀಮಿನ ಒಬ್ಬ ತಮಿಳರವನಿಗೆ ಕೊಡುತ್ತಿದ್ದರಂತೆ. ಅವನಿಗೆ ಬಹಳ ಸೇರುತ್ತದಂತೆ, ಮನೆಯ ಊಟ ಅಂದರೆ ಇದು ಅನ್ನುತ್ತಾನಂತೆ. ಅದನ್ನು ಹೇಳಿ ಇವರು ನನ್ನ ಮುಖ ನೋಡಿದರು, ಹೊಗಳಿಕೆ ಕೇಳಿ ನಾನು ಮೆತ್ತಗಾಗುತ್ತೇನೆಂದು.

ಮಗಳಿಗೆ ಹೇಗೆ ಗೊತ್ತು ಎಂದು ಕೇಳಿದೆ. ಅವಳಿಗೆ ಡ್ರೈವಿಂಗ್ ಕಲಿಸಲು ಶನಿವಾರ ಕರೆದುಕೊಂಡು ಹೋಗುತ್ತಿದ್ದರಲ್ಲ, ಪ್ರಾಕ್ಟೀಸ್ ಮುಗಿಸಿ ಇಬ್ಬರೂ ಎಲ್ಲಾದರೂ ಕೂತು ತಿಂದು ಬರುತ್ತಿದ್ದರಂತೆ. ಮೂವರೂ ಒಂದೇ ಟೇಬಲ್ಲಿಗೆ ಕೂರಬೇಕೆಂದು ನಾನು ದೇಶದ ಇನ್ನೊಂದು ತುದಿಗೆ ಟಿಕೆಟ್ ತೆಗೆಸಿದ್ದೆ. ಅವರಿಬ್ಬರಿಗೂ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಒಂದು ಟೇಬಲ್ಲು ಮೊದಲೇ ಇತ್ತು. "ಅಮ್ಮಾ, ಇಟ್ಸ್ ಜಸ್ಟ್ ಫುಡ್" ಎಂದಳು ಮಗಳು, ಮೃದುವಾಗಿಯೇ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಏನು ಬೇಕೋ ತಿನ್ನಲಿ, ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ. ಐಸ್‌ಕ್ರೀಮ್ ತರುತ್ತೇನೆಂದು ಅವಳು ಎದ್ದುಹೋದ ಮೇಲೆ ನಾನು ಇವರಿಗೆ, ತಿಂದದ್ದಕ್ಕೆ ನನಗೇನಿಲ್ಲ, ನನ್ನ ಜೊತೆ ಕೂತು ತೊವ್ವೆ ಉಂಡದ್ದು ಯಾಕೆ ಎಂದು ಕೇಳಿದೆ.

"ನಿನ್ನ ಮನಸ್ಸು ನೋಯಬಾರದು ಅಂತ" ಎಂದರು.

ಅವ್ವ ಎಣ್ಣೆಗಾಯಿ ಮಾಡಿದ ದಿನ ನೆನಪಿದೆಯಾ ಎಂದೆ. ಅವರಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಟ್ಟೆ. ನೀವು ಪಕ್ಕದಲ್ಲಿದ್ದೀರೆಂದು ನಾನು ನನ್ನ ಅವ್ವನ ಕೈಯ ತುತ್ತು ಬಿಟ್ಟೆ ಎಂದೆ. ಆಗ ಅವರಿಗೆ ರೇಗಿತು. ತಪ್ಪು ಸಿಕ್ಕಿಬಿದ್ದ ಗಂಡಸಿಗೆ ಬರುವ ಸಿಟ್ಟು ಬೇರೆಯೇ ಇರುತ್ತದೆ.

"ನಾ ಏನರೆ ನಿನಗ ವ್ರತ ಮಾಡು ಅಂದಿದ್ನೇನು? ನಮ್ಮವ್ವ ಅಂದ್ಲು, ನೀ ಮಾಡಿದಿ."

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಯಿದೆ. ಪುರಾಣ ಹೇಳುವವನು ಬದನೆಕಾಯಿ ತಿಂದಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಇವರು ಪುರಾಣ ಹೇಳಿದವರೂ ಅಲ್ಲ, ಅದೇ ಅವರ ವಾದ. ವ್ರತ ಮಾಡು ಎಂದು ಬಾಯಿ ಬಿಟ್ಟು ಹೇಳದೆ, ಎದುರಿಗೆ ಕೂತು ಉಂಡು, ಕಿವಿಯ ಮೇಲೆ ಹೂ ಇಟ್ಟಿದ್ದರು. ಮಗಳು ಮೂರು ಐಸ್‌ಕ್ರೀಮ್ ತಂದಳು. ನನ್ನದು ಹಾಲಿನದು, ಮಾವಿನಹಣ್ಣು ಹಾಕಿದ್ದು. ವ್ರತಕ್ಕೆ ಬರುತ್ತದೆಂದು ಯೋಚಿಸಿ ತಂದಿದ್ದಳು. ಅದನ್ನು ತಿಂದೆ.

ಸಿಯಾಟಲ್‌ಗೆ ಬಂದ ಮೇಲೆ ಅತ್ತೆಯ ಫೋನ್ ಬಂತು, ವ್ರತ ಹೇಗೆ ನಡೆದಿದೆ ಎಂದು. ಮುಚ್ಚಿಡಲು ನನಗೆ ಮನಸ್ಸಿರಲಿಲ್ಲ, ಎಲ್ಲ ಹೇಳಿದೆ. ಮುದುಕಿಗೆ ಎದೆಯೊಡೆದೀತು ಎಂಬ ಅಂಜಿಕೆಯೂ ಇತ್ತು, ಒಡೆಯಲಿ ಎಂಬ ಕೆಟ್ಟ ಆಸೆಯೂ ಇತ್ತು.

"ಗಂಡಸರು ಹಂಗ. ಅವನ ಅಪ್ಪನೂ ಹಂಗ ಇದ್ರು. ನೀ ಬಿಡಬ್ಯಾಡ" ಎಂದರು ಅತ್ತೆ.

ಇವರ ಅಪ್ಪ ಅಂದರೆ ಗೋಡೆಯ ಮೇಲಿನ ಫೋಟೋದಲ್ಲಿ ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡಿರುವ ನನ್ನ ಮಾವ. ಅತ್ತೆಗೆ ತಮ್ಮ ಗಂಡನದೂ ಗೊತ್ತಿತ್ತು, ಬಹುಶಃ ನನ್ನ ಗಂಡನದೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ನನ್ನ ಉಡಿಗೆ ಹಾಕಿದ್ದರು. ಫೋನ್ ಇಟ್ಟಮೇಲೆ ಶೋರ್‌ಲೈನ್‌ನಲ್ಲಿರುವ ಬೆಂಗಳೂರಿನ ಗೆಳತಿಗೆ ಕಾಲ್ ಮಾಡಿದೆ, ಭಜನೆ ಗುಂಪಿನವಳು, ಅವಳ ಗಂಡನೂ ಇವರದೇ ಕಾರ್ಖಾನೆಯಲ್ಲಿ. ಅವಳು ನನ್ನ ಪರವಾಗಿ ಬೈಯುತ್ತಾಳೆ ಅಂದುಕೊಂಡಿದ್ದೆ. "ಅಯ್ಯೋ ಬಿಡೇ, ಎಲ್ಲರ ಮನೆ ದೋಸೆನೂ ತೂತೇ" ಎಂದು ನಕ್ಕಳು. ನಗುವ ಮೊದಲು ಒಂದು ಗಳಿಗೆ ತಡೆದಳಲ್ಲ, ಅದರಿಂದ ಅವಳಿಗೂ ಮೊದಲೇ ಗೊತ್ತಿತ್ತೆಂದು ತಿಳಿಯಿತು. ಆ ಮೇಲೆ ನಾನು ಆ ಗುಂಪಿಗೆ ಹೋಗಿಲ್ಲ.

ನಾವು ತಿರುಗಿ ಬಂದ ಮೇಲಿನ ಮೊದಲ ಗುರುವಾರ, ವ್ರತ ಮುಗಿಯಲು ಇನ್ನೂ ದಿನಗಳಿದ್ದವು. ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಇಂಡಿಯನ್ ಅಂಗಡಿಗೆ ಹೋಗಿ ಸಣ್ಣ ಬದನೆಕಾಯಿ ಆರಿಸಿ ತಂದೆ. ಶೇಂಗಾ ಹುರಿದೆ, ಎಳ್ಳು, ಗುರೆಳ್ಳು ಹುರಿದೆ. ಕೆಂಪು ಖಾರ, ಹುಣಸೆಹಣ್ಣು, ಬೆಲ್ಲ, ಬೆಳ್ಳುಳ್ಳಿ. ಬದನೆಕಾಯಿಯ ತೊಟ್ಟು ಬಿಡದೆ ನಾಲ್ಕು ಸೀಳು ಮಾಡಿ ಮಸಾಲೆ ತುಂಬಿದೆ, ಎಣ್ಣೆ ಮೇಲೆ ತೇಲುವ ತನಕ ಸಣ್ಣ ಉರಿಯಲ್ಲಿ ಬಿಟ್ಟೆ. ಮಗಳು ರೂಮಿನಿಂದ ಇಳಿದು ಬಂದು, ಅಜ್ಜಿ ಬಂದಾಗ ಮನೆ ಹೀಗೇ ವಾಸನೆ ಬರುತ್ತಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ತಿಂದು ಗೆಳತಿಯ ಮನೆಗೆ ಹೋದಳು.

ಸಂಜೆ ನಾನೊಬ್ಬಳೇ ತಟ್ಟೆ ಹಾಕಿಕೊಂಡು ಕೂತೆ. ಅವ್ವನ ರುಚಿ ಬಂದಿರಲಿಲ್ಲ. ಗುರೆಳ್ಳು ಹಳೆಯದಾಗಿತ್ತೋ, ಕೈಯೇ ಬೇರೆಯೋ. ಎರಡು ತಿಂದೆ, ಮೂರನೆಯದನ್ನು ತಟ್ಟೆಯ ಅಂಚಿಗೆ ಸರಿಸಿದೆ. ಅಷ್ಟರಲ್ಲಿ ಗ್ಯಾರೇಜಿನ ಬಾಗಿಲು ಎದ್ದ ಸದ್ದಾಯಿತು. ಇವರು ಒಳಗೆ ಬಂದು, ಬೂಟು ಬಿಚ್ಚುವುದನ್ನೂ ಮರೆತು, ಬಾಣಲೆಯ ಕಡೆ ನೋಡಿದರು. ಆಮೇಲೆ ನನ್ನ ತಟ್ಟೆಯ ಕಡೆ.

ತಾವಾಗಿಯೇ ಹೇಳಿದರು, ಇವತ್ತು ಆ ಅಂಗಡಿಗೆ ಹೋಗಲಿಲ್ಲ, ಇನ್ನು ಹೋಗುವುದಿಲ್ಲ ಎಂದು. ಪ್ರವಾಸದಿಂದ ಬಂದ ಮೇಲೆ ನಾನು ಅವರಿಗೆ ಡಬ್ಬಿ ಕಟ್ಟುವುದನ್ನು ಬಿಟ್ಟಿದ್ದೆ, ಹಾಗಾಗಿ ಮಧ್ಯಾಹ್ನ ಏನೂ ತಿಂದಿರಲಿಲ್ಲ. ಮುಖ ಬಾಡಿತ್ತು, ಸುಳ್ಳಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಕೈ ತೊಳೆದುಕೊಂಡು ಬಂದು ನನ್ನೆದುರಿಗೆ ಕೂತು, "ಭಾಳ ಹಸಿವಾಗ್ಯದ, ನನಗೂ ಹಾಕು" ಎಂದರು.

ನಾನು ಎದ್ದು ಹಾಲು ಕಾಸಿದೆ. ಬಟ್ಟಲಿಗೆ ಒಂದು ಹಿಡಿ ಅವಲಕ್ಕಿ ಹಾಕಿ, ಹಾಲು ಸುರಿದು, ಮರೆಯದೆ ಸಕ್ಕರೆ ಹಾಕಿ, ಚಮಚ ಇಟ್ಟು ಅವರ ಮುಂದೆ ತಂದಿಟ್ಟು, ಮತ್ತೆ ನನ್ನ ತಟ್ಟೆಯ ಮುಂದೆ ಕೂತೆ.

"ಇವತ್ತ ಗುರುವಾರ ರೀ" ಎಂದೆ.

ಅವರು ಬಟ್ಟಲನ್ನು ನೋಡಿದರು, ಬಾಣಲೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಏಳಲಿಲ್ಲ. ಅವರು ಚಮಚ ತೆಗೆದುಕೊಂಡು ಉಣ್ಣತೊಡಗಿದರು. ಅಷ್ಟು ವರ್ಷಗಳಲ್ಲಿ ಅವರು ನಿಜವಾಗಿ ಹಸಿದುಕೊಂಡು ಮಾಡಿದ ಮೊದಲ ಒಪ್ಪತ್ತು ಅದು. ತಟ್ಟೆಯಲ್ಲಿದ್ದ ಮೂರನೆಯ ಬದನೆಕಾಯಿಯನ್ನು ನಾನು ಅವರ ಎದುರಿಗೇ ತಿಂದು ಮುಗಿಸಿದೆ.